ಯಂತ್ರಕ್ಕೊಂದು ಒಕ್ಕಣೆ

ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಸಮಿತ್ಪಾಣಿಗಳಾಗಿ ಪಿಪ್ಪಲಾದ ಮಹರ್ಷಿಯ ಬಳಿಗೆ ಹೋಗುತ್ತಾರೆ. ಮಹರ್ಷಿಯು ಒಡನೆಯೇ ಬಾಯಿ ಬಿಡುವುದಿಲ್ಲ. ಒಂದು ವರ್ಷಕಾಲ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಕೂಡಿ ಅಲ್ಲಿಯೇ ವಾಸಮಾಡಿರೆಂದೂ, ಆಮೇಲೆ ಬೇಕಾದುದನ್ನು ಕೇಳಿರೆಂದೂ, ತಾನು ಬಲ್ಲೆನಾದರೆ ಎಲ್ಲವನ್ನೂ ಹೇಳುವೆನೆಂದೂ ತಿಳಿಸುತ್ತಾನೆ. ಕೇಳುವವನಿಗೆ ಒಂದು ವರ್ಷದ ಸಿದ್ಧತೆ; ಹೇಳುವವನಿಗೆ ‘ಬಲ್ಲೆನಾದರೆ’ ಎಂಬ ಒಂದು ಸಂಯಮದ ಮಾತು. ಪ್ರಶ್ನೋತ್ತರವೆಂಬ ವ್ಯವಹಾರವು ಈ ಎರಡು ಕಂಬಗಳ ಮೇಲೆ ನಿಂತಿದ್ದಿತು.

ಈಚೆಗೆ ಲೋಕದಲ್ಲಿ ಬೇರೊಬ್ಬ ಉತ್ತರದಾಯಕನು ತಲೆದೋರಿದ್ದಾನೆ. ಅವನ ಬಳಿಗೆ ಸಮಿತ್ತನ್ನು ಒಯ್ಯಬೇಕಾಗಿಲ್ಲ. ವರ್ಷವಿರಲಿ, ನಿಮಿಷವೂ ಕಾಯಬೇಕಾಗಿಲ್ಲ. ಅಮೆರಿಕದ ಓಪನ್‌ಎಐ ಸಂಸ್ಥೆಯು 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬುದನ್ನು ಸಾರ್ವಜನಿಕರ ಮುಂದಿಟ್ಟಂದಿನಿಂದ ಈ ಜಾತಿಯ ಯಂತ್ರಗಳು ಒಂದಾದಮೇಲೊಂದು ಬಂದಿವೆ. ಕಾಗದ ಬರೆ ಎಂದರೆ ಬರೆಯುತ್ತವೆ, ಲೆಕ್ಕ ಮಾಡು ಎಂದರೆ ಮಾಡುತ್ತವೆ, ಇಂಗ್ಲಿಷಿನ ಸುತ್ತೋಲೆಯನ್ನು ಕನ್ನಡಿಸು ಎಂದರೆ ಕನ್ನಡಿಸುತ್ತವೆ. ಆದರೆ ‘ಬಲ್ಲೆನಾದರೆ’ ಎಂಬ ಮಾತು ತಾನಾಗಿ ಅವುಗಳಿಂದ ಹೊರಡುವುದು ಅಪರೂಪ. ಆದಕಾರಣ ಎರಡು ಕಂಬಗಳ ಭಾರವೂ ಈಗ ಕೇಳುವವನ ಹೆಗಲಿಗೇ ಬಿದ್ದಿದೆ.

ಯಂತ್ರಕ್ಕೆ ಕೊಡುವ ಈ ಅಪ್ಪಣೆಗೆ ‘ಪ್ರಾಂಪ್ಟ್’ ಎಂದು ಹೆಸರು. ಈ ಶಬ್ದವು ತುಮಕೂರು ಜಿಲ್ಲೆಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘದಂತಹ ಕಂಪೆನಿಗಳ ನಾಟಕವನ್ನು ನೋಡಿದವರ ಮನೆಗಳಲ್ಲಿ ‘ಪ್ರಾಂಪ್ಟರ್’ ಎಂಬ ಪದವು ವಾಡಿಕೆಯಾಗಿತ್ತು. ಪರದೆಯ ಮಗ್ಗುಲಲ್ಲಿ ಪುಸ್ತಕ ಹಿಡಿದು ನಿಂತು, ನಟನು ಮಾತು ಮರೆತಲ್ಲಿ ಮೊದಲ ಪದವನ್ನು ಪಿಸುಗುಟ್ಟುವವನೇ ಪ್ರಾಂಪ್ಟರ್. ಈಗಿನ ರಂಗದಲ್ಲಿ ಒಂದು ವಿಪರ್ಯಾಸವುಂಟು. ಇಲ್ಲಿ ನಟನಿಗೆ ಜಗತ್ತಿನ ನಾಟಕಗಳೆಲ್ಲ ಕಂಠಪಾಠ. ಈ ರಾತ್ರಿ ಆಡುತ್ತಿರುವ ನಾಟಕ ಯಾವುದು, ಮುಂದೆ ಕುಳಿತಿರುವ ಜನ ಯಾರು, ತನ್ನ ಪಾತ್ರ ರಾಮನದೋ ರಾವಣನದೋ ಎಂಬುದು ಮಾತ್ರ ತಿಳಿಯದು. ಅದನ್ನು ಬಲ್ಲವನು ಪರದೆಯ ಮಗ್ಗುಲಲ್ಲಿರುವ ಮನುಷ್ಯನೊಬ್ಬನೇ. ಅವನು ಸುಮ್ಮನಿದ್ದರೆ ನಟನು ಬಾಯಿ ಮುಚ್ಚಿಕೊಂಡಿರುವುದಿಲ್ಲ. ತನಗೆ ತೋಚಿದ ನಾಟಕವನ್ನು ನಿರರ್ಗಳವಾಗಿ ಆಡಿಬಿಡುತ್ತಾನೆ. ಅದೇ ಅಪಾಯ.

ಅಮ್ಮಸಂದ್ರವು ಬೆಂಗಳೂರು–ಅರಸೀಕೆರೆ ರೈಲುದಾರಿಯ ಮೇಲಿರುವ, ತುರುವೇಕೆರೆ ತಾಲ್ಲೂಕಿನ ಊರು. ದೂರದವರು ಅದನ್ನು ಸಿಮೆಂಟಿನಿಂದ ಬಲ್ಲರು. ಸುತ್ತಲಿನವರು ತೆಂಗಿನಿಂದ ಬಲ್ಲರು. ಸುಣ್ಣಕಲ್ಲನ್ನೂ ಜೇಡಿಯನ್ನೂ ತಕ್ಕ ಪ್ರಮಾಣದಲ್ಲಿ ಅರೆದು ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಸುಟ್ಟರೆ ಕ್ಲಿಂಕರ್ ಆಗುವುದೆಂಬುದು ಅಲ್ಲಿನ ಹುಡುಗರಿಗೂ ಗೊತ್ತು. ಗೂಡಿಗೆ ಹೋಗುವ ಹುಡಿಯಲ್ಲಿಯೇ ಪ್ರಮಾಣ ತಪ್ಪಿದ್ದರೆ ಬೆಂಕಿಯು ಅದನ್ನು ತಿದ್ದಲಾರದು. ಪ್ರಾಂಪ್ಟಿನ ವಿಷಯವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉಪಮೆ ಆ ಊರಿಗೆ ಬೇಕಾಗಿಲ್ಲ. ಆದರೆ ಈ ಪ್ರಬಂಧದ ಸಂಗತಿ ಕಾರ್ಖಾನೆಯದಲ್ಲ, ಕೊಬ್ಬರಿಯದು.

2023ರಲ್ಲಿ ಕೊಬ್ಬರಿಯ ಧಾರಣೆ ಕುಸಿದು ಕ್ವಿಂಟಾಲಿಗೆ ಎಂಟೊಂಬತ್ತು ಸಾವಿರ ರೂಪಾಯಿಗಳ ಆಸುಪಾಸಿಗೆ ಬಂದಿತ್ತು. ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆಯು 2023ರ ಹಂಗಾಮಿಗೆ 11,750 ರೂಪಾಯಿ, 2024ರ ಹಂಗಾಮಿಗೆ 12,000 ರೂಪಾಯಿ. ಎಣ್ಣೆ ತೆಗೆಯುವ ಕೊಬ್ಬರಿಗೆ ಬೇರೆ ದರ. 2024ರಲ್ಲಿ ಅದು 11,160 ರೂಪಾಯಿ. ಹೀಗಿರುವಾಗ ಬೆಂಬಲ ಬೆಲೆಗೆ ಮಾರಲು ಹೆಸರು ಬರೆಸಿದವನಿಗೂ ಬರೆಸದೆ ತಪ್ಪಿಸಿಕೊಂಡವನಿಗೂ ಪ್ರತಿ ಕ್ವಿಂಟಾಲಿನ ಮೇಲೆ ಸಾವಿರಾರು ರೂಪಾಯಿಗಳ ಅಂತರ. ಆ ದಿನಗಳಲ್ಲಿ ತೆಂಗಿನ ಸೀಮೆಯ ಸಹಕಾರ ಸಂಘವೊಂದರ ಗೋಡೆಯ ಮೇಲೆ ಅಂಟಿಸುವ ಒಂದು ಹಾಳೆಯ ಬೆಲೆ ಏನೆಂಬುದನ್ನು ವಾಚಕರೇ ಊಹಿಸಬಹುದು.

ಅಂತಹ ಒಂದು ಸಂಘದ ಕಚೇರಿಯಲ್ಲಿ ಗುಮಾಸ್ತೆಯೊಬ್ಬಳು, ಪಟ್ಟಣದಲ್ಲಿ ಓದುವ ತಮ್ಮನಿಂದ ಕಲಿತು, ಈ ಯಂತ್ರವನ್ನು ಕಚೇರಿಯ ಕೆಲಸಕ್ಕೆ ತೊಡಗಿಸಿದ್ದಳು. ‘ಕೊಬ್ಬರಿ ಖರೀದಿಯ ಬಗ್ಗೆ ರೈತರಿಗೆ ಒಂದು ಪ್ರಕಟಣೆ ಬರೆದುಕೊಡಿ’ ಎಂಬುದು ಅವಳ ಮೊದಲನೆಯ ಒಕ್ಕಣೆ. ಅರೆಗಳಿಗೆಯಲ್ಲಿ ಒಂದು ಪುಟ ಬಂದಿತು. ಬಾಂಧವರೇ ಎಂಬ ಸಂಬೋಧನೆಯಿಂದ ತೊಡಗಿ ಧನ್ಯವಾದದವರೆಗೆ ಎಲ್ಲವೂ ಲಕ್ಷಣವಾಗಿತ್ತು; ದರವಿತ್ತು, ನೋಂದಣಿಯ ದಿನವಿತ್ತು, ತರಬೇಕಾದ ಕಾಗದಗಳ ಪಟ್ಟಿಯಿತ್ತು. ಅವಳು ಅಚ್ಚುಮಾಡಿ ಗೋಂದು ಹಚ್ಚುವಷ್ಟರಲ್ಲಿ, ಬೆಂಚಿನ ಮೇಲೆ ಕುಳಿತಿದ್ದ ಮುದುಕರೊಬ್ಬರು ಓದಿ ಹೇಳೆಂದರು. ಓದಿದಳು.

‘ಇದ್ಯಾವ ವರ್ಷದ ರೇಟವ್ವ? ಹೋದ ಸಲದ್ದಲ್ವಾ?’

‘ಇರಿ ಅಜ್ಜ, ನೋಡ್ತೀನಿ.’

‘ಗಿಟುಕಿಗೋ, ಎಣ್ಣೆ ಕೊಬ್ಬರಿಗೋ? ಅದೂ ಇಲ್ಲ. ದಿನ ಬ್ಯಾರೆ ಹಾಕಿದ್ದೀಯ. ಈ ದಿನ ಅಂತ ಯಾರು ಹೇಳಿದ್ರು ತಾಯಿ?’

ಕೊನೆಯ ಪ್ರಶ್ನೆಗೆ ಆ ಕಚೇರಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಯಾರೂ ಹೇಳಿರಲಿಲ್ಲ. ಪ್ರಕಟಣೆ ಎಂದಮೇಲೆ ಅದರಲ್ಲಿ ಒಂದು ದಿನಾಂಕವಿರುವುದು ಲೋಕರೂಢಿ; ಯಂತ್ರವು ರೂಢಿಯನ್ನು ಅನುಸರಿಸಿ ಒಂದು ದಿನಾಂಕವನ್ನು ಇಟ್ಟಿತ್ತು. ಈ ಯಂತ್ರದ ಕೆಲಸವೇ ಅದು. ಅಪಾರವಾದ ಗ್ರಂಥರಾಶಿಯನ್ನು ಅರಗಿಸಿಕೊಂಡು, ಇಷ್ಟು ಪದಗಳಾದಮೇಲೆ ಮುಂದೆ ಯಾವ ಪದದ ತುಂಡು ಬರುವುದು ಸಂಭವವೆಂದು ಎಣಿಸಿ ಎಣಿಸಿ ಅದು ವಾಕ್ಯವನ್ನು ಹೆಣೆಯುತ್ತದೆ. ಓದಿದ ರಾಶಿಯು ಒಂದು ದಿನಕ್ಕೆ ನಿಂತಿರುತ್ತದೆ. ಹೊಸ ಸುದ್ದಿಯನ್ನು ಹುಡುಕಿ ತರುವ ಏರ್ಪಾಡಿಲ್ಲದಿದ್ದರೆ ಕಳೆದ ವರ್ಷದ ದರವೇ ಅದಕ್ಕೆ ಈ ವರ್ಷದ ದರ. ಆ ಹಾಳೆ ಗೋಡೆಗೇರಿದ್ದರೆ ತೋಟದ ಕೆಲಸ ಬಿಟ್ಟು, ಬಾಡಿಗೆ ಆಟೋ ಮಾಡಿಕೊಂಡು, ಇಲ್ಲದ ದಿನಕ್ಕೆ ಬಂದು ಹಿಂತಿರುಗುವವರು ಎಷ್ಟು ಮಂದಿಯೋ. ನಿಜವಾದ ದಿನವನ್ನು ಕಳೆದುಕೊಳ್ಳುವವರು ಎಷ್ಟು ಮಂದಿಯೋ.

ಮುದುಕರು ಕೇಳಿದ ಮೂರು ಪ್ರಶ್ನೆಗಳಲ್ಲಿ ತರ್ಕಶಾಸ್ತ್ರದ ಶಬ್ದಖಂಡವೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ವಾಕ್ಯದಿಂದ ಅರ್ಥವು ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಅನ್ನಂಭಟ್ಟನ ತರ್ಕಸಂಗ್ರಹವು ಹೇಳುತ್ತದೆ. ಭಾಷಾಪರಿಚ್ಛೇದದ ವಿಶ್ವನಾಥನು ತಾತ್ಪರ್ಯಜ್ಞಾನವೆಂಬ ನಾಲ್ಕನೆಯದನ್ನೂ ಸೇರಿಸುತ್ತಾನೆ. ಯಂತ್ರದೊಡನೆ ವ್ಯವಹರಿಸುವಾಗ ಹೆಚ್ಚು ಕೈಕೊಡುವುದು ಆ ನಾಲ್ಕನೆಯದೇ. ಸೈಂಧವವೆಂದರೆ ಉಪ್ಪೂ ಹೌದು, ಸಿಂಧುದೇಶದ ಕುದುರೆಯೂ ಹೌದು. ಎಲೆಯ ಮುಂದೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪು. ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ. ಪಾಠಶಾಲೆಯ ಹುಡುಗರು ಈ ಉದಾಹರಣೆಯನ್ನು ಕೇಳಿ ನಗುವುದುಂಟು: ಊಟದ ನಡುವೆ ಕುದುರೆಯನ್ನು ತರುವ ಮೂಢನು ಎಲ್ಲಿಯಾದರೂ ಇದ್ದಾನೆಯೇ ಎಂದು. ಈಗ ಇದ್ದಾನೆ. ಎಲೆಯನ್ನೂ ಕಾಣದ, ಪ್ರಯಾಣವನ್ನೂ ಕಾಣದ ಒಬ್ಬ ಸೇವಕನು, ಬಹುಮಂದಿ ಬಹುಸಾರಿ ಯಾವುದನ್ನು ಕೇಳಿದ್ದರೋ ಅದನ್ನೇ ತರುತ್ತಾನೆ. ತೆಲುಗಿನಲ್ಲಿ ಕೊಬ್ಬರಿಯೆಂದರೆ ಹಸಿಯ ಕಾಯಿಯೂ ಆಗುತ್ತದೆ. ಪೇಟೆಯ ಇಂಗ್ಲಿಷ್ ಲೇಖನಗಳಲ್ಲಿ ಕೊಪ್ರವೆಂದರೆ ಬಹುಮಟ್ಟಿಗೆ ಗಾಣದ ಸರಕು. ಅಟ್ಟದ ಮೇಲೆ ಸಿಪ್ಪೆಸಹಿತ ಹತ್ತು ಹನ್ನೊಂದು ತಿಂಗಳು ಕಾಯನ್ನು ಕೂಡಿಟ್ಟು, ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟು ಗಿಟುಕಾಗುವ ತಿಪಟೂರು ಸೀಮೆಯ ಉಂಡೆ ಕೊಬ್ಬರಿಯು ಆ ಸೇವಕನ ಮೊದಲ ನೆನಪಿಗೆ ಬರುವ ವಸ್ತುವಲ್ಲ. ಹೇಳಿದರೆ ತಿಳಿಯುತ್ತದೆ. ಹೇಳಬೇಕು.

ಗುಮಾಸ್ತೆಯು ಎರಡನೆಯ ಸಾರಿ ಬರೆದ ಒಕ್ಕಣೆ ಒಂದು ಪುಟದಷ್ಟಾಯಿತು. ಪ್ರಕಟಣೆಯನ್ನು ಓದುವವರು ಯಾರು—ಹೆಚ್ಚಿನವರು ವಯಸ್ಸಾದವರು, ಹಾಲಿನ ಡೈರಿಯ ಮುಂದೆ ಒಬ್ಬರು ಓದಿದ್ದನ್ನು ಹತ್ತು ಮಂದಿ ಕೇಳುವರು—ಎಂದು ಮೊದಲು ತಿಳಿಸಿದಳು. ಸರಕು ಉಂಡೆ ಕೊಬ್ಬರಿ, 2024ರ ದರ 12,000 ರೂಪಾಯಿ. ಬೇಕಾದ ಕಾಗದಗಳು ಆಧಾರ್, ಪಹಣಿ, ಫ್ರೂಟ್ಸ್ ಗುರುತಿನ ಸಂಖ್ಯೆ, ಬ್ಯಾಂಕಿನ ಪಾಸ್‌ಪುಸ್ತಕ ಎಂದು ಮೇಲಿನಿಂದ ಬಂದ ಸುತ್ತೋಲೆಯನ್ನು ನೋಡಿ ತಾನೇ ಬರೆದಳು. ತಾನು ಕೊಡದ ಯಾವ ಅಂಕಿಯನ್ನೂ ದಿನವನ್ನೂ ಸೇರಿಸಬಾರದೆಂದೂ, ದಿನ ಗೊತ್ತಾಗದ ಕಡೆ ಜಾಗವನ್ನು ಖಾಲಿ ಬಿಡಬೇಕೆಂದೂ ಕಟ್ಟುಮಾಡಿದಳು. ಹಿಂದಿನ ಕಾರ್ಯದರ್ಶಿಗಳು ಕೈಯಿಂದ ಬರೆದು ಅಂಟಿಸುತ್ತಿದ್ದ, ಊರಿಗೆಲ್ಲ ಅರ್ಥವಾಗುತ್ತಿದ್ದ ಒಂದು ಹಳೆಯ ಪ್ರಕಟಣೆಯನ್ನು ಮಾದರಿಯೆಂದು ಜೊತೆಗಿಟ್ಟಳು. ಬಂದ ಉತ್ತರವು ಹನ್ನೆರಡು ಸಾಲು. ದಿನದ ಜಾಗ ಖಾಲಿಯಿತ್ತು. ಕಾರ್ಯದರ್ಶಿಯವರು ದೂರವಾಣಿಯಲ್ಲಿ ವಿಚಾರಿಸಿ ಆ ಜಾಗವನ್ನು ಮಸಿಯಲ್ಲಿ ತುಂಬಿದರು.

ಇಷ್ಟು ಬರೆಯುವ ಶ್ರಮಕ್ಕೆ ಪ್ರಕಟಣೆಯನ್ನೇ ಬರೆದುಬಿಡಬಹುದಿತ್ತಲ್ಲಾ ಎಂದು ಆಕ್ಷೇಪಿಸುವವರುಂಟು. ಆಕ್ಷೇಪವು ನ್ಯಾಯವಾದುದೇ. ಒಂದು ಹಾಳೆಗಾದರೆ ಲಾಭವಿಲ್ಲ. ಆದರೆ ಆ ಒಕ್ಕಣೆಯನ್ನು ಇಟ್ಟುಕೊಂಡರೆ ಮುಂದಿನ ಹಂಗಾಮಿಗೆ ಅಂಕಿಗಳನ್ನು ಬದಲಾಯಿಸಿದರೆ ಸಾಕು. ಅದನ್ನೇ ಸ್ವಲ್ಪ ತಿರುಗಿಸಿದರೆ ಸದಸ್ಯರಿಗೆ ಕಳುಹಿಸುವ ಕಾಗದ, ಸಭೆಯ ತಿಳಿವಳಿಕೆಪತ್ರ. ಅದಕ್ಕಿಂತ ಹೆಚ್ಚಿನ ಇನ್ನೊಂದು ಪ್ರಯೋಜನವಿದೆ. ತನ್ನ ಬಳಿ ಯಾವ ಸಂಗತಿ ಇದೆ, ಯಾವುದು ಇಲ್ಲ ಎಂಬುದನ್ನು ಗುಮಾಸ್ತೆಯು ವಿಂಗಡಿಸಿಕೊಂಡದ್ದು ಆ ಒಕ್ಕಣೆಯನ್ನು ಬರೆಯುವಾಗಲೇ.

ಮಾದರಿಯನ್ನು ಜೊತೆಗಿಡುವ ಉಪಾಯವು ಅವಳ ಸ್ವಂತ ಬುದ್ಧಿಯಿಂದ ಹೊಳೆದದ್ದಾದರೂ ಶಾಸ್ತ್ರಸಮ್ಮತವಾದುದು. ಒಂದೆರಡು ಉದಾಹರಣೆಗಳನ್ನು ಮುಂದಿಟ್ಟರೆ ಯಂತ್ರವು ಕೆಲಸದ ಜಾಡನ್ನು ಹಿಡಿಯುವುದೆಂದು ಓಪನ್‌ಎಐ ಸಂಶೋಧಕರು 2020ರಲ್ಲಿಯೇ ತೋರಿಸಿದ್ದರು. 2022ರಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯ ಮತ್ತು ಗೂಗಲ್ ಸಂಸ್ಥೆಯ ವಿದ್ವಾಂಸರು ಇನ್ನೊಂದು ಕೌತುಕವನ್ನು ಪ್ರಕಟಿಸಿದರು: ಲೆಕ್ಕದ ಪ್ರಶ್ನೆಯ ಕೊನೆಗೆ ಹೆಜ್ಜೆಹೆಜ್ಜೆಯಾಗಿ ಯೋಚಿಸೋಣವೆಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯವನ್ನು ಸೇರಿಸಿದ ಮಾತ್ರಕ್ಕೆ, ಒಂದು ಲೆಕ್ಕಸಂಗ್ರಹದಲ್ಲಿ ಯಂತ್ರದ ಸರಿಯುತ್ತರಗಳು ನೂರಕ್ಕೆ 17.7ರಿಂದ 78.7ಕ್ಕೆ ಏರಿದುವು. ಹಲಗೆಯ ಮೇಲೆ ಕ್ರಮವನ್ನು ಬರೆಯದೆ ಉತ್ತರವನ್ನು ಕೂಗುವ ಹುಡುಗನನ್ನು ಕಂಡ ಯಾವ ಉಪಾಧ್ಯಾಯನೂ ಇದಕ್ಕೆ ಬೆರಗಾಗುವುದಿಲ್ಲ.

ಆದರೆ ಇಲ್ಲಿಂದ ಒಂದು ಅನರ್ಥವೂ ಹುಟ್ಟಿತು. ಒಂದು ವಾಕ್ಯಕ್ಕೆ ಇಷ್ಟು ಬಲವಿದ್ದರೆ ಅಂತಹ ನೂರು ವಾಕ್ಯಗಳ ಮಂತ್ರಪುಷ್ಪವನ್ನೇ ಮಾರಬಹುದೆಂದು ಕೆಲವರು ಹೊರಟರು. ‘ನೀನು ಮಹಾಪಂಡಿತ’ ಎಂದು ಯಂತ್ರವನ್ನು ಹೊಗಳಬೇಕಂತೆ; ತಪ್ಪಿದರೆ ಕೆಲಸ ಹೋಗುವುದೆಂದು ಹೆದರಿಸಬೇಕಂತೆ. ಇವು ತಾಯಿತದ ಅಂಗಡಿಗಳು. 2024ರ ಸೆಪ್ಟೆಂಬರಿನಿಂದೀಚೆಗೆ ಉತ್ತರಕ್ಕೆ ಮುಂಚೆ ತಾವೇ ಹೆಜ್ಜೆಹೆಜ್ಜೆಯಾಗಿ ವಿಚಾರಮಾಡುವ ಯಂತ್ರಗಳು ಬಂದಮೇಲೆ ಆ 2022ರ ಮಂತ್ರಕ್ಕೂ ಮೊದಲಿನ ತೇಜಸ್ಸು ಉಳಿದಿಲ್ಲ. ಆದರೆ ಉಂಡೆಯೋ ಎಣ್ಣೆಯೋ ಎಂಬುದನ್ನು ಹೇಳಬೇಕಾದ ಅಗತ್ಯವು ಯಾವ ಹೊಸ ಯಂತ್ರದಿಂದಲೂ ತೀರಿಲ್ಲ, ತೀರುವಂಥದೂ ಅಲ್ಲ.

ವ್ಯಾಕರಣ ಓದಿದವರಿಗೆ ಇನ್ನೊಂದು ಸಾಮ್ಯವು ಹೊಳೆಯಬಹುದು. ಪಾಣಿನಿಯ ಸೂತ್ರಗಳು ಅಷ್ಟು ಚಿಕ್ಕವಾಗಿರುವುದು ಅನುವೃತ್ತಿಯ ಬಲದಿಂದ. ಹಿಂದಿನ ಸೂತ್ರದ ಪದಗಳು ಮುಂದಿನದಕ್ಕೆ ಹರಿದುಬರುತ್ತವೆ. ಯಂತ್ರದೊಡನೆ ಒಂದೇ ಸಂಭಾಷಣೆಯಲ್ಲಿ ಮುಂದುವರಿದಾಗಲೂ ಹೀಗೆಯೇ. ಮೊದಲು ಹೇಳಿದ್ದನ್ನು ಮತ್ತೆ ಹೇಳಬೇಕಾಗಿಲ್ಲ. ಆದರೆ ಅನುವೃತ್ತಿಯು ಎಲ್ಲಿ ನಿಲ್ಲುವುದೆಂಬುದನ್ನು ಅರಿಯದವನಿಗೆ ಅಷ್ಟಾಧ್ಯಾಯಿ ಹೇಗೆ ಕಾಡಾಗುವುದೋ ಇದೂ ಹಾಗೆ. ಬೆಳಿಗ್ಗೆ ಕೊಬ್ಬರಿಯ ಪ್ರಕಟಣೆ ಬರೆಸಿದ ಸಂಭಾಷಣೆಯಲ್ಲಿಯೇ ಮಧ್ಯಾಹ್ನ ರಾಗಿಯ ಬಿತ್ತನೆಬೀಜದ ಕಾಗದವನ್ನು ಬರೆಸಿದರೆ ಕೊಬ್ಬರಿಯ ನಿಬಂಧನೆಯೊಂದು ರಾಗಿಯೊಳಗೆ ನುಸುಳಿರುತ್ತದೆ. ವಿಷಯ ಬದಲಾದರೆ ಹೊಸ ಸಂಭಾಷಣೆಯನ್ನು ತೊಡಗುವುದೇ ಕ್ಷೇಮ.

ರೈತರು ಆ ಕಚೇರಿಗೆ ತರುವುದು ಮಾರಾಟದ ಪ್ರಶ್ನೆಗಳನ್ನು ಮಾತ್ರವಲ್ಲ. ‘ಗರಿ ಒಣಗ್ತಾ ಅದೆ, ನಿನ್ನ ಫೋನನ್ನ ಕೇಳವ್ವ’ ಎಂದು ಬರುವವರೂ ಉಂಟು. ಇಲ್ಲಿ ಪ್ರಮಾದವಾದರೆ ಹೋಗುವುದು ಒಂದು ದಿನದ ಬಾಡಿಗೆಯಲ್ಲ; ಅಜ್ಜ ನೆಟ್ಟು ಮೊಮ್ಮಗ ಕೀಳುವ ಮರ. ಗರಿ ಒಣಗುವುದಕ್ಕೆ ಕಾರಣ ಒಂದೇ ಅಲ್ಲ. ಗರಿಯ ಅಡಿಯಲ್ಲಿ ಬಲೆಯೂ ಹಿಕ್ಕೆಯೂ ಕೂಡಿದ ಗೂಡುಗಳಿದ್ದು ಹಸಿರು ಕೆರೆದಂತಿದ್ದರೆ ಕಪ್ಪು ತಲೆ ಹುಳು. ಬುಡದ ಬಳಿ ಕಾಂಡದಿಂದ ಕಂದು ರಸ ಸೋರಿ ಕೆಳಗಿನ ಗರಿಗಳು ಜೋತುಬಿದ್ದರೆ ಅಣಬೆ ರೋಗವೆಂದು ಸಂದೇಹ. ಕಾಂಡದಲ್ಲಿ ತೂತು, ಅಗಿದು ಉಗುಳಿದ ನಾರು ಕಂಡರೆ ಕೆಂಪು ಮೂತಿ ಹುಳು. ಇವೊಂದೂ ಇಲ್ಲದೆ ಬರಿಯ ಬರವೂ ಇರಬಹುದು, ಪೊಟ್ಯಾಷಿನ ಕೊರತೆಯೂ ಇರಬಹುದು. ‘ತೆಂಗಿನ ಗರಿ ಒಣಗುತ್ತಿದೆ, ಏನು ಮಾಡಬೇಕು’ ಎಂದಷ್ಟೇ ಕೇಳಿದರೆ ಯಂತ್ರವು ಎಲ್ಲಕ್ಕೂ ಹೊಂದುವ ಒಂದು ಉತ್ತರವನ್ನು, ಎಂದರೆ ಯಾವುದಕ್ಕೂ ಹೊಂದದ ಉತ್ತರವನ್ನು ಕೊಡುತ್ತದೆ.

ಆಯುರ್ವೇದದಲ್ಲಿ ರೋಗಿಯನ್ನು ಪರೀಕ್ಷಿಸುವ ಬಗೆ ಮೂರು: ದರ್ಶನ, ಸ್ಪರ್ಶನ, ಪ್ರಶ್ನ. ಯಂತ್ರಕ್ಕೆ ಸ್ಪರ್ಶನವಿಲ್ಲ; ಚಿತ್ರವನ್ನು ಕಳುಹಿಸಿದರೆ ಅಷ್ಟಿಷ್ಟು ದರ್ಶನವುಂಟು; ಪ್ರಶ್ನವು ಪೂರ್ತಿ ಉಂಟು, ಆದರೆ ಅನುಜ್ಞೆ ಕೊಡದೆ ಅದನ್ನು ಬಳಸುವುದು ಕಡಮೆ. ‘ಉತ್ತರ ಹೇಳುವ ಮೊದಲು ನಿನಗೆ ತಿಳಿಯಬೇಕಾದುದನ್ನು ಒಂದೊಂದಾಗಿ ನನ್ನನ್ನು ಕೇಳು’ ಎಂಬ ಒಂದು ವಾಕ್ಯವನ್ನು ಗುಮಾಸ್ತೆಯು ಸೇರಿಸಿದಂದಿನಿಂದ ಸಂಭಾಷಣೆಯ ರೀತಿಯೇ ಬದಲಾಯಿತು. ಮರಕ್ಕೆ ವಯಸ್ಸೆಷ್ಟು, ನೀರುಂಟೇ, ಒಣಗಿದ್ದು ಮೇಲಿನ ಗರಿಯೋ ಕೆಳಗಿನದೋ, ಅಕ್ಕಪಕ್ಕದ ಮರ ಹೇಗಿದೆ, ಬುಡದಲ್ಲಿ ರಸವುಂಟೇ ಎಂದು ಅದು ಕೇಳತೊಡಗಿತು. ಎಷ್ಟೋ ಸಾರಿ ರೈತನು ‘ಬುಡ ನೋಡೇ ಇಲ್ಲ ತಾಯಿ, ನೋಡ್ಕಂಡು ಬತ್ತೀನಿ’ ಎಂದು ಎದ್ದುಹೋಗುತ್ತಾನೆ. ಈ ವಿದ್ಯೆಯಿಂದ ಆದ ಉಪಕಾರಗಳಲ್ಲಿ ಇದನ್ನು ದೊಡ್ಡದೆಂದೇ ಎಣಿಸಬೇಕು.

ಔಷಧದ ಮಾತು ಬಂದರೆ ಮಾತ್ರ ಅವಳು ಅಲ್ಲಿಗೆ ನಿಲ್ಲಿಸಿ ಕೃಷಿ ವಿಜ್ಞಾನ ಕೇಂದ್ರದ ಕಡೆಗೆ ಕೈತೋರುತ್ತಾಳೆ. ಅದು ಸರಿಯಾದ ವಿವೇಕ. ಕಪ್ಪು ತಲೆ ಹುಳುವಿಗೆ ಬೇರಿನ ಮೂಲಕ ಮಾನೋಕ್ರೋಟೊಫಾಸ್ ಉಣಿಸಬೇಕೆಂದು ಹಳೆಯ ಕೈಪಿಡಿಗಳಲ್ಲಿ ಬರೆದಿದೆ; ಅದರ 36 ಎಸ್.ಎಲ್. ದ್ರಾವಣದ ಮೇಲೆ ಕೇಂದ್ರ ಸರ್ಕಾರವು 2023ರಲ್ಲಿ ನಿಷೇಧದ ಆಜ್ಞೆ ಹೊರಡಿಸಿತು. ಹಳೆಯ ಕೈಪಿಡಿಗಳು ನೂರು, ಹೊಸ ಆಜ್ಞೆ ಒಂದು. ಹೆಚ್ಚು ಸಾರಿ ಓದಿದ್ದನ್ನೇ ನೆನೆಯುವ ಯಂತ್ರವು ಯಾವುದನ್ನು ಹೇಳೀತು? ಇದೇ ಕೀಟವನ್ನು ತಿನ್ನುವ ಗೋನಿಯೋಜಸ್ ಎಂಬ ಪರೋಪಜೀವಿಯನ್ನು ತೋಟಕ್ಕೆ ಬಿಡುವ ಉಪಾಯವೂ ಉಂಟೆಂಬುದನ್ನು, ವಿಷವಿಲ್ಲದ ದಾರಿ ಯಾವುದೆಂದು ಕೇಳಿದರೆ ಅದು ಹೇಳುತ್ತದೆ. ಕೇಳದಿದ್ದರೆ ಹೇಳದೆಯೂ ಇರಬಹುದು.

ಶಬ್ದವು ಪ್ರಮಾಣವಾಗಬೇಕಾದರೆ ಅದು ಆಪ್ತನ ವಾಕ್ಯವಾಗಿರಬೇಕು. ಇದ್ದುದನ್ನು ಇದ್ದಂತೆ ಹೇಳುವವನು ಆಪ್ತ. ಯಂತ್ರವು ಸುಳ್ಳುಗಾರನಲ್ಲ, ಸುಳ್ಳಿಗೆ ಬೇಕಾದ ಉದ್ದೇಶವೇ ಅದಕ್ಕಿಲ್ಲ; ಆದರೆ ಆಪ್ತನೂ ಅಲ್ಲ. ಈ ಭೇದವನ್ನು ಮರೆತುದರ ಫಲವನ್ನು ವಿದ್ಯಾವಂತರೇ ಉಂಡಿದ್ದಾರೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟು 5,000 ಡಾಲರ್ ದಂಡ ತೆತ್ತರು. ಬೆಂಗಳೂರಿನಲ್ಲಿಯೇ ಆದಾಯತೆರಿಗೆಯ ಮೇಲ್ಮನವಿ ನ್ಯಾಯಮಂಡಳಿಯ ಪೀಠವು 2024ರ ಡಿಸೆಂಬರಿನಲ್ಲಿ ಕೊಟ್ಟ ಒಂದು ಆಜ್ಞೆಯಲ್ಲಿ ಅಸ್ತಿತ್ವವೇ ಇಲ್ಲದ ತೀರ್ಪುಗಳು ಉದಾಹೃತವಾಗಿದ್ದು, ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ನ್ಯಾಯಪೀಠಗಳ ಪಾಡೇ ಹೀಗಾದರೆ ಗೋಂದು ಹಚ್ಚಲು ಹೊರಟ ಗುಮಾಸ್ತೆಯನ್ನು ಯಾರೂ ಹೆಚ್ಚಾಗಿ ದೂರಬೇಕಾಗಿಲ್ಲ. ಅವಳ ಬೆಂಚಿನ ಮೇಲಾದರೂ ಕೇಳುವವರೊಬ್ಬರಿದ್ದರು.

ಅವಳು ಈಗ ಇನ್ನೆರಡು ನಿಯಮಗಳನ್ನು ಇಟ್ಟುಕೊಂಡಿದ್ದಾಳೆ. ಸದಸ್ಯರ ಆಧಾರ್ ಸಂಖ್ಯೆಯನ್ನಾಗಲಿ ಬ್ಯಾಂಕಿನ ಖಾತೆಯನ್ನಾಗಲಿ ಯಂತ್ರದ ಕಿವಿಗೆ ಹಾಕುವುದಿಲ್ಲ. ಹೆಸರಿನ ಜಾಗದಲ್ಲಿ ಗೆರೆ ಎಳೆದು ಆಮೇಲೆ ತಾನೇ ತುಂಬುತ್ತಾಳೆ. ಇನ್ನೊಂದು, ಅಂದಿನ ಧಾರಣೆಯನ್ನು ಅದರಿಂದ ಕೇಳುವುದಿಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,100 ರೂಪಾಯಿಯಾಗಿದ್ದಾಗ ತಿಪಟೂರಿನ ಪೇಟೆಯ ಧಾರಣೆಯು ಅದನ್ನು ಎಷ್ಟೋ ದೂರ ಮೀರಿ ಏರಿತು. ಹಿಂದಿನ ವರ್ಷದ ಅಂಕಿಯನ್ನು ನಂಬಿ ಮಾರಿದವನು ಆ ವರ್ಷ ಬಾಯಿ ಬಡಿದುಕೊಳ್ಳಬೇಕಾಗುತ್ತಿತ್ತು.

ಕನ್ನಡದ ತೊಡಕು ಇನ್ನೂ ಉಳಿದಿದೆ. ಯಂತ್ರಗಳು ಓದಿರುವ ರಾಶಿಯಲ್ಲಿ ಇಂಗ್ಲಿಷು ಸಮುದ್ರ, ಕನ್ನಡ ಕುಂಟೆ. ಒಂದು ಕನ್ನಡ ಪದವನ್ನು ಅವು ಬಹುಶಃ ಇಂಗ್ಲಿಷ್ ಪದಕ್ಕಿಂತ ಹೆಚ್ಚು ತುಂಡುಗಳಾಗಿ ಒಡೆದು ನುಂಗುತ್ತವೆ. ಆದುದರಿಂದ ಉತ್ತರದ ಕನ್ನಡವು ಎಷ್ಟೋ ಸಾರಿ ಇಂಗ್ಲಿಷಿನ ಅಂಗಿ ತೊಟ್ಟಿರುತ್ತದೆ. ತೆಂಗಿನ ತೋಟದ ಮಾತಂತೂ ಗ್ರಂಥಗಳಿಗೇ ಪೂರ್ತಿ ಏರಿಲ್ಲ. ಇದಕ್ಕೆ ಗುಮಾಸ್ತೆಯು ಕಂಡುಕೊಂಡ ಪರಿಹಾರವೆಂದರೆ ಒಂದು ಪದಪಟ್ಟಿ. ಪ್ರತಿಯೊಂದು ಒಕ್ಕಣೆಯ ತಲೆಗೂ ಅದನ್ನು ಅಂಟಿಸುತ್ತಾಳೆ: ಸುಳಿ, ಗರಿ, ಮಟ್ಟೆ, ಸೋಗೆ, ಹೊಂಬಾಳೆ, ಕರಟ, ಚಿಪ್ಪು, ಗಿಟುಕು, ಎದುರಿಗೆ ಒಂದೊಂದು ಸಾಲಿನ ಅರ್ಥ. ಹರಳು ಎಂಬ ಪದವು ಪಟ್ಟಿಗೆ ಸೇರಿದ್ದು ತಡವಾಗಿ. ‘ಹರಳು ಉದುರ್ತಾವೆ’ ಎಂದು ರೈತನು ಹೇಳಿದ್ದನ್ನು ಹಾಗೆಯೇ ಬರೆದಾಗ ಯಂತ್ರವು ಹರಳೆಣ್ಣೆಯ ಗಿಡಕ್ಕೆ ಉಪಚಾರ ಹೇಳಿತ್ತು. ಆ ದಿನ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಆಮೇಲೆ ಎಳೆಯ ಪೀಚು ಕಾಯಿಗೆ ಹರಳು ಎನ್ನುವರೆಂದು ಏನೆಂದು ಬರೆದರೆ ಅದಕ್ಕೆ ತಿಳಿದೀತೆಂದು ತಮ್ಮತಮ್ಮಲ್ಲಿಯೇ ವಾದಮಾಡುತ್ತ, ಹೊಂಬಾಳೆ ಒಡೆದು ಎಷ್ಟು ದಿನದವರೆಗೆ ಹರಳು, ಎಂದಿನಿಂದ ಕಾಯಿ ಎಂಬುದರ ಮೇಲೆ ಇಬ್ಬರು ಮುದುಕರು ಒಪ್ಪಂದಕ್ಕೆ ಬರುವ ಹೊತ್ತಿಗೆ ಅರಸೀಕೆರೆಯ ಗಾಡಿ ಬಂದು ಹೋಗಿತ್ತು.